ಹುಣಸೆ ಮರಕ್ಕೆ ಸರ್ಕಾರ ಕೊಟ್ಟ ಬಾಡಿಗೆ

ನಿಮ್ಮ ಹಿತ್ತಲಿನ ಹುಣಸೆ ಮರದಲ್ಲಿ ಹತ್ತಾರು ದೊಡ್ಡ ಹಕ್ಕಿಗಳು ಬಂದು ಗೂಡು ಕಟ್ಟಿದವು ಅಂದುಕೊಳ್ಳಿ. ಕಾಯಿಯ ಮೇಲೆಲ್ಲ ಹಿಕ್ಕೆ. ಹಣ್ಣು ಬಡಿಯೋಣ ಎಂದರೆ ಮರಿಗಳು ಕೆಳಗೆ ಬೀಳುತ್ತವೆ. ಆ ವರ್ಷದ ಹುಣಸೆ ಕೈಬಿಟ್ಟ ಹಾಗೆಯೇ. ಹಕ್ಕಿ ಉಳಿಯಬೇಕು, ಸರಿ. ಆದರೆ ನಷ್ಟ ಯಾರ ತಲೆಗೆ?

ಈ ಪ್ರಶ್ನೆಗೆ ಸುಮಾರು ಅರ್ಧ ಶತಮಾನದ ಹಿಂದೆಯೇ ಉತ್ತರ ಹುಡುಕಿದ ಊರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಶಿಂಷಾ ನದಿಗೆ ಹತ್ತಿರದ ಈ ಊರಿನ ಮರಗಳಿಗೆ ಪ್ರತಿವರ್ಷ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರಿ ಮಾಡಲು ಬರುತ್ತವೆ.

ಸರ್ಕಾರಕ್ಕೆ ಗೊತ್ತಿದ್ದ ಹಳೆಯ ದಾರಿ ಬೇರೆ. ಇದೇ ಜಿಲ್ಲೆಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಗಡಿ ಗುರುತಿಸು, ಕಾವಲುಗಾರರನ್ನು ಹಾಕು, ಬೆಂಕಿ ತಡೆ, ಅದಕ್ಕೆಲ್ಲ ಹಣ ಇಡು. ಬೆಳ್ಳೂರಿನಲ್ಲಿ ಈ ದಾರಿ ನಡೆಯುವಂತಿರಲಿಲ್ಲ. ಇಲ್ಲಿ ಹಕ್ಕಿ ಕೂರುವುದು ಮನೆ ಪಕ್ಕದ ಮರದಲ್ಲಿ. ಆ ಮರಕ್ಕೆ ಒಬ್ಬ ಯಜಮಾನ ಇದ್ದಾನೆ.

ಸರ್ಕಾರದ ಹಣ ಬರುವ ಮುಂಚೆಯೂ ಊರವರು ಹಕ್ಕಿಗಳನ್ನು ಉಳಿಸಿಕೊಂಡಿದ್ದರು. ಹಿಂದೆ ಪ್ಲೇಗ್ ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂಬುದು ಹಿರಿಯರ ಮಾತು. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದೇ ಅವನ್ನು ಕಾಣುತ್ತಾರೆ. ಲಾಭವೂ ಇತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಯನ್ನು ಕೆರೆ ಗೋಡಿನ ಜೊತೆ ಬೆರೆಸಿ ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರು.

ಆದರೆ ಪ್ರೀತಿಯೊಂದರಿಂದಲೇ ಸಂಸಾರ ನಡೆಯುವುದಿಲ್ಲ. ಮಗಳ ಮದುವೆ ಬರುತ್ತದೆ, ಅಣ್ಣತಮ್ಮಂದಿರು ಪಾಲಾಗುತ್ತಾರೆ, ಮನೆ ಕಟ್ಟಲು ಜಾಗ ಬೇಕಾಗುತ್ತದೆ. ಆಗ ಮೊದಲು ಕಣ್ಣು ಬೀಳುವುದು ಮರದ ಮೇಲೆ.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ಊರಿನ ಹಕ್ಕಿಗಳನ್ನು ಇಲಾಖೆಯ ಗಮನಕ್ಕೆ ತಂದರು. ಅಲ್ಲಿಂದ ಮುಂದೆ ಅರಣ್ಯ ಇಲಾಖೆ ಗೂಡು ಇರುವ ಮರಗಳ ಯಜಮಾನರಿಗೆ ಹಣ ಕೊಡತೊಡಗಿತು. ಇದು ಮರದ ಬೆಲೆಯಲ್ಲ, ಬಿಟ್ಟುಕೊಟ್ಟ ಹುಣಸೆಗೆ ಪರಿಹಾರ. ಹಕ್ಕಿಯ ಪರವಾಗಿ ಸರ್ಕಾರ ಕೊಟ್ಟ ಬಾಡಿಗೆ ಎಂದು ನಾವು ಕರೆಯುತ್ತೇವೆ. ರೈತನನ್ನು ಕಾಡಿನ ಶತ್ರು ಎಂದು ನೋಡದೆ ಪಾಲುದಾರ ಎಂದು ನೋಡಿದ್ದು ಈ ಕ್ರಮದ ದೊಡ್ಡತನ.

ಮುಂದೆ ಊರ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸಕ್ಕೆ ನಿಂತರು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, ಖಾಸಗಿ ಮತ್ತು ಸಮುದಾಯದ ಜಾಗವನ್ನೂ 'ಸಮುದಾಯ ಮೀಸಲು' ಎಂದು ಘೋಷಿಸಲು ದಾರಿಯಾಯಿತು. 2007ರಲ್ಲಿ ಕೊಕ್ಕರೆ ಬೆಳ್ಳೂರಿಗೆ ಆ ಸ್ಥಾನ ಸಿಕ್ಕಿತು. ಇಂಥ ಮೀಸಲಿನ ನಿರ್ವಹಣಾ ಸಮಿತಿಗೆ ಪ್ರತಿನಿಧಿಗಳನ್ನು ಹೆಸರಿಸುವುದು ಗ್ರಾಮ ಪಂಚಾಯಿತಿ. ಇದನ್ನು ನೆನಪಿಡಿ.

ಇಷ್ಟಾದರೂ ಕಥೆ ಸುಖಾಂತವಲ್ಲ. 2017ರ ಕೊನೆಯಿಂದ 2018ರವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹೊಟ್ಟೆಯಲ್ಲಿ ಜಂತುಹುಳು ಸಿಕ್ಕವು. ಹೆಜ್ಜಾರ್ಲೆ ಮಲಗುವುದು ಬೆಳ್ಳೂರಿನ ಮರದಲ್ಲಿ, ಉಣ್ಣುವುದು ಸುತ್ತಲಿನ ಕೆರೆಗಳಲ್ಲಿ. ಮರಕ್ಕೆ ಹಣ ಕೊಟ್ಟು ಕೆರೆಯನ್ನು ಮರೆತರೆ ಮನೆಗೆ ಬಾಡಿಗೆ ಕಟ್ಟಿ ಒಲೆ ಆರಿಸಿದ ಹಾಗೆ.

ಈ ಚರಿತ್ರೆಯಿಂದ ನಮಗೆ ಕಾಣುವುದು ಇಷ್ಟು. ಪರಿಹಾರ ಹುಣಸೆಯ ಬೆಲೆಯ ಜೊತೆ ಏರಬೇಕು, ಫಸಲಿನ ಕಾಲಕ್ಕೆ ಕೈಸೇರಬೇಕು. ದರ ಹಳೆಯದಾಗಿ ಹಣ ತಡವಾದರೆ, ಮರ ಕೇಳಿಕೊಂಡು ಬರುವ ವ್ಯಾಪಾರಿಯ ಕೈಯಲ್ಲಿ ನಗದು ಇರುತ್ತದೆ. ಒಂದು ದಿನದಲ್ಲಿ ಉರುಳುವ ಮರ ಮತ್ತೆ ಗೂಡು ಹೊರುವಷ್ಟು ಬೆಳೆಯಲು ಒಂದು ತಲೆಮಾರು ಬೇಕು.

ನಿಮ್ಮೂರಲ್ಲೂ ಹಕ್ಕಿ ಗೂಡು ಕಟ್ಟುವ ಮರ, ಕೆರೆ ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ಮಾತು ತೆಗೆಯಿರಿ. ಬೆಳ್ಳೂರಿನವರು ಹಕ್ಕಿಗೆ ಜಾಗ ಕೊಟ್ಟ ಮೇಲೆಯೇ ಸರ್ಕಾರ ಅಲ್ಲಿಗೆ ಹಣ ತಂದಿದ್ದು.