ಕಾರಾಗೃಹದಿಂದ ಸಭಾಸ್ಥಾನಕ್ಕೆ: ಬೆಂಗಳೂರಿನ ಫ್ರೀಡಂ ಪಾರ್ಕ್

ಐತಿಹಾಸಿಕ ಕಟ್ಟಡಗಳ ಸಂರಕ್ಷಣೆಯೆಂದರೆ ಸುತ್ತ ಬೇಲಿ ಹಾಕಿ ಫಲಕ ನೆಡುವುದಷ್ಟೇ ಅಲ್ಲ. ಉಪಯೋಗದಲ್ಲಿರುವ ಕಟ್ಟಡವೇ ಬಹುಕಾಲ ಬಾಳುವುದು. ಇರುವ ಗೋಡೆಯನ್ನು ಬಳಸಿಕೊಂಡಷ್ಟೂ ಹೊಸ ಇಟ್ಟಿಗೆಯ, ಅದನ್ನು ಸುಡುವ ಇಂಧನದ ವ್ಯಯ ತಪ್ಪುವುದು. ಆದರೆ ಹೊಸ ಉಪಯೋಗವು ಕಟ್ಟಡದ ಚರಿತ್ರೆಯನ್ನು ಉಳಿಸುವುದೋ ಅಳಿಸುವುದೋ ಎಂಬುದು ಬೇರೆಯೇ ಪ್ರಶ್ನೆ. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಶೇಷಾದ್ರಿ ರಸ್ತೆಯ ಈ ಸೆರೆಮನೆ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಕಾಲದ ನಿರ್ಮಾಣ. ನಡುವೆ ಕಾವಲು ಗೋಪುರ. ಅದರ ಸುತ್ತ ಚಕ್ರದ ಅರಗಳಂತೆ ಹರಡಿದ ಬಂದಿಗಳ ಸಾಲುಮನೆಗಳು. ನಡುವಿನಿಂದಲೇ ಸರ್ವರನ್ನೂ ನೋಡಬಹುದಾದ ಇಂತಹ ಬಂದೀಗೃಹದ ಕಲ್ಪನೆಯನ್ನು ಇಂಗ್ಲೆಂಡಿನ ಜೆರೆಮಿ ಬೆಂಥಾಮನು 1791ರಲ್ಲಿ ಪ್ರಕಟಿಸಿದ್ದನು. ಜನರನ್ನು ಬೇರ್ಪಡಿಸಿ ನೋಡುತ್ತಿರುವುದೇ ಇದರ ಉದ್ದೇಶ.

1975ರ ತುರ್ತುಪರಿಸ್ಥಿತಿಯು ಈ ಕಟ್ಟಡಕ್ಕೆ ರಾಷ್ಟ್ರದ ಚರಿತ್ರೆಯಲ್ಲಿ ಸ್ಥಾನವನ್ನು ಕಲ್ಪಿಸಿತು. ಆ ವರ್ಷದ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧಿತರಾದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ ಮೊದಲಾದವರು ಇಲ್ಲಿದ್ದರು. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಬಂಧಿತರಾಗಿ, ಅಸ್ತಮಾದಿಂದ ಬಳಲಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ನಿಧನರಾದರು.

ಕಾರಾಗೃಹವು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ತರುವಾಯ, 2008ರಲ್ಲಿ ಈ ಆವರಣವು ಫ್ರೀಡಂ ಪಾರ್ಕ್ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆಯಿತು. ಕಾವಲು ಗೋಪುರವನ್ನೂ ಕೆಲವು ಸಾಲುಮನೆಗಳನ್ನೂ ಉಳಿಸಿಕೊಂಡು, ಅವುಗಳ ನಡುವೆಯೇ ಬಯಲು ರಂಗಮಂದಿರಕ್ಕೂ ಸಭೆಗಳಿಗೂ ಎಡೆಮಾಡಲಾಯಿತು. ಬೇರ್ಪಡಿಸಲೆಂದು ಕಟ್ಟಿದ ಆವರಣದಲ್ಲಿ ಈಗ ಜನ ಕೂಡುತ್ತಾರೆ. ಗೋಪುರವನ್ನು ಕೆಡವಿದ್ದರೆ ಈ ವ್ಯತ್ಯಾಸದ ಅರ್ಥವೇ ತಿಳಿಯುತ್ತಿರಲಿಲ್ಲ. ಇದು ನಮ್ಮ ದೃಷ್ಟಿಯಲ್ಲಿ ಈ ಮರುಬಳಕೆಯ ಮುಖ್ಯ ಗುಣ.

ಆದರೆ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. 2021ರ ಪೊಲೀಸ್ ಆದೇಶವೊಂದು ಬೆಂಗಳೂರು ನಗರದ ಪ್ರತಿಭಟನೆಗಳಿಗೆ ಈ ಉದ್ಯಾನವೊಂದನ್ನೇ ಗೊತ್ತುಮಾಡಿತು. ಸಂಚಾರದ ಅಡಚಣೆ ನಿಜವಾದುದು. ರಸ್ತೆಯಲ್ಲಿ ಸಿಲುಕುವ ರೋಗಿಯ ಕಷ್ಟವನ್ನು ಯಾರೂ ಅಲ್ಲಗಳೆಯಲಾರರು. ಆದರೂ, ಜನರ ಅಸಮಾಧಾನವನ್ನು ಒಂದೇ ಆವರಣದೊಳಗೆ ಇರಿಸಿದಾಗ, ಹಳೆಯ ಸೆರೆಮನೆಯ ಉದ್ದೇಶವು ಬೇರೊಂದು ರೂಪದಲ್ಲಿ ಮರಳುವ ಸಂಭವವಿದೆ. ಇಲ್ಲಿ ಸಭೆ ಸೇರಲು ಅವಕಾಶವಿರುವುದು ಒಂದು. ಇಲ್ಲಿ ಮಾತ್ರ ಸೇರಬೇಕೆಂಬುದು ಮತ್ತೊಂದು.

ಕಟ್ಟಡದ ಗೋಡೆಗಳನ್ನು ಉಳಿಸುವುದು ಶಿಲ್ಪಿಯ ಕಾರ್ಯ. ಅವುಗಳೊಳಗಿನ ಸ್ವಾತಂತ್ರ್ಯವನ್ನು ಉಳಿಸುವುದು ಪೌರರ ಕಾರ್ಯ. ಇವೆರಡನ್ನೂ ಒಟ್ಟಿಗೆ ಪರಿಗಣಿಸಿದಾಗಲೇ ಇಂತಹ ಕಟ್ಟಡದ ಚರಿತ್ರೆ ಪೂರ್ಣವಾಗುವುದೆಂದು ನಮ್ಮ ಅಭಿಪ್ರಾಯ.