ಉದ್ದ ಹಲ್ಲಿನ ಬಾಚಣಿಗೆ

ಬಿಗಿ ಗುಂಗುರು ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆದರೆ ಕೂದಲೇ ತುಂಡಾಗುತ್ತದೆ. ಈ ಉದ್ದನೆಯ, ಬಿಡಿಬಿಡಿ ಹಲ್ಲುಗಳು ಅದನ್ನು ಬುಡದಿಂದ ಎತ್ತಿ ಬಿಡಿಸುತ್ತವೆ. ಪ್ರಾಚೀನ ಈಜಿಪ್ಟಿನ ಗೋರಿಗಳಲ್ಲೂ ಇಂಥ ಬಾಚಣಿಗೆಗಳು ಸಿಕ್ಕಿವೆ.

ಹೆಂಗಸರ ತಲೆಗೂದಲು ಸರ್ಕಾರಕ್ಕೆ ತಲೆನೋವಾದದ್ದೂ ಉಂಟು! 1786ರಲ್ಲಿ ಲೂಸಿಯಾನಾದ ಸ್ಪ್ಯಾನಿಷ್ ಗವರ್ನರ್ ಎಸ್ತೆಬಾನ್ ಮಿರೊ, ಸ್ವತಂತ್ರ ಕಪ್ಪು ಮಹಿಳೆಯರು ಕೂದಲನ್ನು ಬಟ್ಟೆಯಿಂದ ಮುಚ್ಚಬೇಕೆಂದು ಆಜ್ಞೆ ಹೊರಡಿಸಿದ. ಅವರು ಕಟ್ಟಿದರು, ಬಣ್ಣಬಣ್ಣದ ಬಟ್ಟೆಯನ್ನೇ, ಇನ್ನಷ್ಟು ಸೊಗಸಾಗಿ. ಮುಂದೆ ಕೂದಲು ನೇರವಾಗಿಸಲು ಒಲೆಯ ಮೇಲೆ ಕಾಯಿಸಿದ ಲೋಹದ ಬಾಚಣಿಗೆ ಬಂತು. ಕಿವಿಯ ತುದಿ ಸುಡುವುದು ಮಾಮೂಲು.

1960ರ ದಶಕದಲ್ಲಿ, ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟದ ಜೊತೆಗೇ, ಗುಂಗುರು ಕೂದಲನ್ನು ಸಹಜವಾಗಿ ದುಂಡಗೆ ಬಿಡುವ ‘ಆಫ್ರೊ’ ಶೈಲಿ ತಲೆಯೆತ್ತಿತು. ಹೋರಾಟಗಾರ್ತಿ ಏಂಜೆಲಾ ಡೇವಿಸ್ ಅವರ ಚಿತ್ರಗಳು ಅದರ ಗುರುತಾದವು. ಸಹಜ ಕೂದಲಿನ ಕಾರಣಕ್ಕೆ ಶಾಲೆ, ಕಚೇರಿಗಳಲ್ಲಿ ತಾರತಮ್ಯ ಮಾಡಕೂಡದೆಂಬ ‘ಕ್ರೌನ್’ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ ತಂದದ್ದು 2019ರಲ್ಲಿ.