ಉಪ್ಪೂ ಕಾನೂನೂ

1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ನಮ್ಮವರು ಉಪ್ಪು ತಯಾರಿಸಿದ್ದು ಸರಕಾರದ ಕಾನೂನನ್ನು ಮುರಿಯಲೆಂದೇ. ಅಂಥ ನಾಡಿನ ಕೇಳುಗರಿಗೆ ಉಪ್ಪಿಗೆ ಕಾನೂನು ಬೇಕೆಂಬ ಮಾತು ರುಚಿಸದಿರಬಹುದು. ಆದರೂ ಫಿನ್‌ಲೆಂಡಿನ ಕಥೆ ಮನನೀಯವಾದುದು.

ಆ ಚಳಿನಾಡಿನಲ್ಲಿ ಮೀನು, ಮಾಂಸಗಳನ್ನು ಕೆಡದಂತೆ ಕಾಪಾಡುತ್ತಿದ್ದುದು ಉಪ್ಪು. ರೆಫ್ರಿಜರೇಟರ್ ಬಂದ ಮೇಲೂ ನಾಲಗೆ ತನ್ನ ರೂಢಿಯನ್ನು ಬಿಡಲಿಲ್ಲ. 1970ರ ದಶಕದ ಕೊನೆಗೆ ಒಬ್ಬೊಬ್ಬರು ದಿನಕ್ಕೆ ಸುಮಾರು 12 ಗ್ರಾಂ ಉಪ್ಪು ತಿನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಸಲಹೆ 5 ಗ್ರಾಮಿಗಿಂತ ಕಡಿಮೆ. ಹೃದ್ರೋಗದಿಂದ ಕಂಗೆಟ್ಟಿದ್ದ ಉತ್ತರ ಕರೇಲಿಯ ಪ್ರಾಂತದಲ್ಲಿ 1972ರಲ್ಲಿ ಡಾ. ಪೆಕ್ಕ ಪುಸ್ಕ ಅವರ ನೇತೃತ್ವದಲ್ಲಿ ಆರೋಗ್ಯ ಯೋಜನೆಯೊಂದು ಆರಂಭವಾಯಿತು. ಆದರೆ ಗೃಹಿಣಿ ಅಡಿಗೆಯಲ್ಲಿ ಕೈ ಬಿಗಿಹಿಡಿದರಷ್ಟೇ ಸಾಲದು. ಅಂಗಡಿಯ ಬ್ರೆಡ್ಡಿನಲ್ಲಿ, ಸಾಸೇಜಿನಲ್ಲಿ ಅಡಗಿದ ಉಪ್ಪು ಅವಳ ಹತೋಟಿಯಲ್ಲಿರಲಿಲ್ಲ. 1993ರ ನಿಯಮ ಇಂಥ ಪದಾರ್ಥಗಳ ಮೇಲೆ ಉಪ್ಪಿನ ಪ್ರಮಾಣವನ್ನು ನಮೂದಿಸಬೇಕೆಂದಿತು. ಮಿತಿ ಮೀರಿದರೆ ‘ಅಧಿಕ ಉಪ್ಪು’ ಎಂಬ ಎಚ್ಚರಿಕೆ. ಆ ಹಣೆಪಟ್ಟಿಗೆ ಅಂಜಿ ಅನೇಕ ತಯಾರಕರು ಉಪ್ಪನ್ನು ತಗ್ಗಿಸಿದರು. 2002ರ ಹೊತ್ತಿಗೆ ಸೇವನೆ ಪುರುಷರಲ್ಲಿ 10, ಸ್ತ್ರೀಯರಲ್ಲಿ 8 ಗ್ರಾಮಿಗಿಂತ ಕೆಳಗಿಳಿದಿತ್ತು. ಹೃದ್ರೋಗದ ಸಾವುಗಳು ಇಳಿದುದಕ್ಕೆ ತಂಬಾಕು, ಬೆಣ್ಣೆಗಳ ಬಳಕೆ ತಗ್ಗಿದುದೂ ಕಾರಣ. ಆದರೂ ಉಪ್ಪಿನ ಪಾಲನ್ನು ಅಲ್ಲಗಳೆಯಲಾಗದು.

ಬ್ರಿಟಿಷರ ಕಾನೂನು ಬಡವನ ಕೈಯಿಂದ ಉಪ್ಪನ್ನು ಕಸಿದಿತ್ತು. ಫಿನ್‌ಲೆಂಡಿನ ನಿಯಮವಾದರೋ, ಎಷ್ಟು ಉಪ್ಪು ತಿನ್ನಬೇಕೆಂಬ ತೀರ್ಮಾನವನ್ನು ಉಣ್ಣುವವನ ಕೈಗೆ ಮರಳಿಸಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.